ಕಟ್ಟಡಕ್ಕೆ ತಜ್ಞರು ಯಾವಾಗ ಬರಬೇಕು?

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶಿಕ್ಷಣ ಸಂಸ್ಥೆ ಹೊಸ ಸಭಾಭವನ ಕಟ್ಟಿಸಿತು. ನೆಲಕ್ಕೆ ಕನ್ನಡಿಯಂಥ ಗ್ರಾನೈಟು, ಗೋಡೆಗೆ ನುಣುಪಾದ ಗಿಲಾವು, ತಲೆಯ ಮೇಲೆ ಎತ್ತರದ ಕಾಂಕ್ರೀಟ್ ಚಾವಣಿ. ನೋಡಿದವರೆಲ್ಲ ಮೆಚ್ಚಿದರು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಅರ್ಧ ಗಂಟೆ ಮಾತನಾಡಿದರು. ಮೊದಲ ಎರಡು ಸಾಲುಗಳನ್ನು ಬಿಟ್ಟರೆ ಉಳಿದವರಿಗೆ ಅವರು ಏನು ಹೇಳಿದರೆಂಬುದು ತಿಳಿಯಲಿಲ್ಲ. ಮೈಕಿನವನು ಒಮ್ಮೆ ಸದ್ದು ಏರಿಸಿದ, ಒಮ್ಮೆ ಇಳಿಸಿದ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಸರ್ರ, ದನಿ ಐತ್ರಿ, ಮಾತ ತಿಳೀವಲ್ದು" ಎಂದರು. ಭೌತವಿಜ್ಞಾನದ ಪಠ್ಯಪುಸ್ತಕವು ಒಂದು ಪುಟದಲ್ಲಿ ಹೇಳುವುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು.

ಮರುವಾರ ಸಂಸ್ಥೆಯವರಿಂದ ಕರೆ ಬಂತು. "ನೀವು ಫಿಜಿಕ್ಸ್ ಸರ್ ಅದೀರಿ, ಈ ಮೈಕಿಂದೇನಾಗೇತಿ ಒಂದ್ಸಲ ನೋಡಿ ಹೇಳ್ರಿ." ಹೋಗಿ ನೋಡಿದೆ. ಮೈಕಿಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಕಟ್ಟಡದಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಕಟ್ಟಡದ ನಕ್ಷೆಯಲ್ಲಿ.

ಖಾಲಿ ಭವನದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದೆ. ಸದ್ದು ಅಡಗಲು ಐದು ಸೆಕೆಂಡಿಗೂ ಹೆಚ್ಚು ಹಿಡಿಯಿತು. ಇದನ್ನು ಪ್ರತಿಧ್ವನಿ ಎಂದು ಜನ ಕರೆಯುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ಬೆಟ್ಟದ ಎದುರು ಕೂಗಿದಾಗ ನಮ್ಮ ಕೂಗು ಸ್ವಲ್ಪ ತಡೆದು ಬಿಡಿಯಾಗಿ ಮರಳುತ್ತದೆ, ಅದು ಪ್ರತಿಧ್ವನಿ. ಕೋಣೆಯೊಳಗೆ ಸದ್ದು ಗೋಡೆ, ನೆಲ, ಚಾವಣಿಗಳಿಗೆ ನೂರಾರು ಸಲ ಬಡಿದು, ಮರಳಿದ ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ಕ್ರಮೇಣ ಕ್ಷೀಣಿಸುತ್ತದೆ. ಇದು ಅನುರಣನ. ಮೂಲ ಸದ್ದು ನಿಂತ ಮೇಲೆ ಅದರ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್‌ನಷ್ಟು, ಇಳಿಯಲು ಹಿಡಿಯುವ ಸಮಯಕ್ಕೆ ಅನುರಣನ ಕಾಲ ಎಂದು ಹೆಸರು.

ಸಾಮಾನ್ಯವಾಗಿ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತೇವೆ. ಅನುರಣನ ದೀರ್ಘವಾಗಿದ್ದರೆ ಹಿಂದಿನ ಹಲವು ಅಕ್ಷರಗಳು ಇನ್ನೂ ಭವನದಲ್ಲಿ ಸುತ್ತುತ್ತಿರುವಾಗಲೇ ಹೊಸದು ಹೊರಡುತ್ತದೆ. ಮಾತಿನಲ್ಲಿ ಸ್ವರಗಳಿಗೆ ಶಕ್ತಿ ಹೆಚ್ಚು, ವ್ಯಂಜನಗಳಿಗೆ ಕಡಿಮೆ. 'ಹಾಲು', 'ಹಾಡು', 'ಹಾರು' ಎಂಬ ಪದಗಳನ್ನು ಬೇರ್ಪಡಿಸುವುದು ನಡುವಿನ ಆ ದುರ್ಬಲ ವ್ಯಂಜನ ಮಾತ್ರ. ಹಿಂದಿನ 'ಹಾ'ಕಾರದ ಬಾಲ ಅದನ್ನು ಮುಚ್ಚಿಬಿಟ್ಟರೆ ಮೂರೂ ಪದಗಳು ಒಂದೇ ಆಗುತ್ತವೆ. ದನಿ ಇರುತ್ತದೆ, ಮಾತು ಇರುವುದಿಲ್ಲ.

ಸದ್ದು ಏರಿಸಿದರೂ ಏಕೆ ಪ್ರಯೋಜನವಾಗಲಿಲ್ಲ? ಮೈಕಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ನೇರವಾಗಿ ಕಿವಿಗೆ ಬರುವ ದನಿಯೂ ಇಮ್ಮಡಿ, ಗೋಡೆಗಳಿಂದ ಮರಳುವ ದನಿಯೂ ಇಮ್ಮಡಿ. ಎರಡರ ಅನುಪಾತ ಇದ್ದಲ್ಲೇ ಇರುತ್ತದೆ. ಅರ್ಥವಾಗುವುದು, ಆಗದಿರುವುದು ನಿಂತಿರುವುದು ಈ ಅನುಪಾತದ ಮೇಲೆ. ನೇರ ದನಿ ದೂರ ಹೋದಂತೆ ಕುಗ್ಗುತ್ತದೆ, ಅನುರಣನದ ದನಿ ಭವನದ ತುಂಬ ಹೆಚ್ಚುಕಡಿಮೆ ಒಂದೇ ಸಮ. ಇಂಥ ಭವನದಲ್ಲಿ ಬರಿಬಾಯಿಯಿಂದ ಮಾತನಾಡುವವರಿಂದ ಸುಮಾರು 3 ಮೀಟರು ಸರಿದರೆ ಸಾಕು, ಎರಡನೆಯದು ಮೊದಲನೆಯದನ್ನು ಮೀರುತ್ತದೆ.

ಒಬ್ಬನೇ ವಿಜ್ಞಾನಿ, ಎರಡು ಭವನ

ಈ ಅನುಭವ ಹೊಸದೇನಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಭವನ ಇದೇ ಕಾರಣಕ್ಕೆ ನಿರುಪಯುಕ್ತವಾಗಿತ್ತು. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ತರುಣ ಭೌತವಿಜ್ಞಾನ ಅಧ್ಯಾಪಕರ ಪಾಲಿಗೆ ಬಂತು. ಊರಿನ ಗದ್ದಲ ಅಡಗಿದ ಮೇಲೆ, ರಾತ್ರಿಯ ಹೊತ್ತು, ಅವರು ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ಅದು ನಿಂತ ಮೇಲೆ ಸದ್ದು ಎಷ್ಟು ಹೊತ್ತು ಕೇಳಿಸುತ್ತದೆಂದು ಅಳೆದರು. ಸುಮಾರು ಐದೂವರೆ ಸೆಕೆಂಡು. ಬಳಿಕ ಸಮೀಪದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಹಾಸಿ, ಮತ್ತೆ ಅಳೆದರು. ಮೆತ್ತೆಗಳು ಹೆಚ್ಚಿದಂತೆ ಕಾಲ ಕುಗ್ಗಿತು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂತಿರುಗಿಸಬೇಕಿತ್ತು. ಇಂಥ ಅನೇಕ ರಾತ್ರಿಗಳ ಫಲವಾಗಿ 1898ರಲ್ಲಿ ಅವರಿಗೆ ದೊರೆತ ಸೂತ್ರ ಬಹಳ ಸರಳ:

ಅನುರಣನ ಕಾಲ = 0.161 × ಭವನದ ಘನಗಾತ್ರ ÷ ಒಟ್ಟು ಹೀರಿಕೆ

ಘನಗಾತ್ರ ಘನ ಮೀಟರುಗಳಲ್ಲಿ, ಹೀರಿಕೆ ಚದರ ಮೀಟರುಗಳಲ್ಲಿ, ಉತ್ತರ ಸೆಕೆಂಡುಗಳಲ್ಲಿ. ಹೀರಿಕೆಗೆ ಸಬೈನ್ ಹಿಡಿದ ಮಾನ ತೆರೆದ ಕಿಟಕಿ. ಕಿಟಕಿಯ ಮೂಲಕ ಹೊರಹೋದ ಸದ್ದು ಮರಳುವುದಿಲ್ಲವಾದ್ದರಿಂದ ಒಂದು ಚದರ ಮೀಟರು ತೆರೆದ ಕಿಟಕಿ ಎಂದರೆ ಹೀರಿಕೆ 1. ಅಷ್ಟೇ ಅಗಲದ ನುಣುಪಾದ ಸಿಮೆಂಟ್ ಗಿಲಾವಿನ ಹೀರಿಕೆ ಸುಮಾರು 0.02, ಗ್ರಾನೈಟಿನದು 0.01. ಕುಳಿತ ಒಬ್ಬ ಮನುಷ್ಯ, ಬಟ್ಟೆಬರೆ ಸಮೇತ, 0.45ರ ಆಸುಪಾಸು.

ಫಾಗ್ ಭವನಕ್ಕೆ ಸಬೈನ್ ಹೋದದ್ದು ಕಟ್ಟಡ ಮುಗಿದ ಮೇಲೆ. ಅಲ್ಲಿ ಅವರು ಮಾಡಬಹುದಾದದ್ದು ದುರಸ್ತಿ ಮಾತ್ರ. ಬೋಸ್ಟನ್ ನಗರದ ಸಿಂಫನಿ ಹಾಲ್‌ಗೆ ಅವರನ್ನು ಕರೆದದ್ದು ನಕ್ಷೆ ಇನ್ನೂ ಕಾಗದದ ಮೇಲಿದ್ದಾಗ. ಭವನದ ಉದ್ದ, ಎತ್ತರ, ಆಸನಗಳ ವಿಸ್ತಾರ ಲೆಕ್ಕದ ಮೇಲೆ ತೀರ್ಮಾನವಾದವು. 1900ರ ಅಕ್ಟೋಬರ್ 15ರಂದು ತೆರೆದ ಆ ಭವನವನ್ನು ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳ ಸಾಲಿನಲ್ಲಿ ಎಣಿಸುತ್ತಾರೆ. ಎರಡೂ ಕಡೆ ತಜ್ಞ ಒಬ್ಬನೇ, ವಿಜ್ಞಾನವೂ ಒಂದೇ. ವ್ಯತ್ಯಾಸ ಕರೆದ ಹೊತ್ತಿನದು.

ನಮ್ಮ ಭವನದ ಲೆಕ್ಕ

ಮೇಲಿನ ಸೂತ್ರವನ್ನು ನಮ್ಮ ಭವನಕ್ಕೆ ಹಚ್ಚಿ ನೋಡೋಣ. ಉದ್ದ 24 ಮೀಟರು, ಅಗಲ 15, ಎತ್ತರ 7. ಘನಗಾತ್ರ 2,520 ಘನ ಮೀಟರು. ಗೋಡೆ, ಚಾವಣಿ ಸೇರಿ ಸುಮಾರು 900 ಚದರ ಮೀಟರು. ಅವುಗಳ ಹೀರಿಕೆ ಬರೀ 18. ನೆಲದ್ದು 4ಕ್ಕಿಂತ ಕಡಿಮೆ. ವೇದಿಕೆಯ ಪರದೆ, ಬಾಗಿಲು, ತೆರೆದ ಕಿಟಕಿ, ಕುರ್ಚಿಗಳು ಎಲ್ಲ ಸೇರಿಸಿ ಉದಾರವಾಗಿ ಲೆಕ್ಕ ಹಾಕಿದರೂ ಒಟ್ಟು 70 ದಾಟಲಿಲ್ಲ. ಅನುರಣನ ಕಾಲ 5.8 ಸೆಕೆಂಡು. ಮುನ್ನೂರು ಜನ ಕುಳಿತರೆ ಹೀರಿಕೆ 205 ಆಗಿ, ಕಾಲ 2 ಸೆಕೆಂಡಿಗೆ ಇಳಿಯುತ್ತದೆ. ಜನ ಅರ್ಧದಷ್ಟೇ ಬಂದರೆ 3 ಸೆಕೆಂಡು. ಈ ಅಳತೆಯ ಭವನದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅದು 1 ಸೆಕೆಂಡಿನ ಹತ್ತಿರ ಇರಬೇಕು. ಅದಕ್ಕೆ ಬೇಕಾದ ಹೀರಿಕೆ 400ಕ್ಕಿಂತ ಹೆಚ್ಚು. ಭವನ ತುಂಬಿದಾಗಲೂ ನಮ್ಮ ಬಳಿ ಇದ್ದದ್ದು ಅದರ ಅರ್ಧ.

ಏನು ಮಾಡುವುದು? ಚಾವಣಿಯ ಕೆಳಗೆ ರಂಧ್ರವುಳ್ಳ ಹಲಗೆಗಳ ಒಳಚಾವಣಿ ತೂಗುಬಿಡುವುದು ಸರಿಯಾದ ದಾರಿ. ಆದರೆ ಸ್ಲ್ಯಾಬಿನಲ್ಲಿ ಕೊಕ್ಕೆಗಳನ್ನು ಬಿಟ್ಟಿರಲಿಲ್ಲ, ಫ್ಯಾನುಗಳೂ ದೀಪಗಳೂ ಆಗಲೇ ಇಳಿಬಿದ್ದಿದ್ದವು, ಹಣವೂ ಮುಗಿದಿತ್ತು. ಕಡೆಗೆ ನಾವು ಕಂಬಳಿಗಳ ಮೊರೆ ಹೋದೆವು! ಕುರಿಯ ಉಣ್ಣೆಯ ಒರಟು ಕಂಬಳಿ ಒಳ್ಳೆಯ ಧ್ವನಿಹೀರಕ. ಅದರ ಎಳೆಗಳ ನಡುವಿನ ಗಾಳಿ ಕಂಪಿಸುವಾಗ ಘರ್ಷಣೆಗೆ ಸಿಕ್ಕಿ ಸದ್ದಿನ ಶಕ್ತಿ ಅಲ್ಪಸ್ವಲ್ಪ ಶಾಖವಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕಂಬಳಿಯನ್ನು ಗೋಡೆಗೆ ಅಂಟಿಸಿ ಹೊಡೆದರೆ ಲಾಭ ಕಡಿಮೆ. ಗೋಡೆಯ ಮೈಯಲ್ಲಿ ಗಾಳಿಯ ಕಣಗಳು ಚಲಿಸಲಾರವು. ಅವುಗಳ ಚಲನೆ ಅತಿ ಹೆಚ್ಚಾಗಿರುವುದು ಗೋಡೆಯಿಂದ ಕಾಲು ತರಂಗಾಂತರ ದೂರದಲ್ಲಿ. ಸೆಕೆಂಡಿಗೆ 500 ಕಂಪನಗಳ ಸದ್ದಿಗೆ ಈ ದೂರ ಸುಮಾರು 17 ಸೆಂಟಿಮೀಟರು. ಹಾಗಾಗಿ ಒಂದು ಗೇಣಿನಷ್ಟು ಅಂತರ ಬಿಟ್ಟು ತೂಗುಹಾಕಿದೆವು. ನಲವತ್ತು ಕಂಬಳಿಗಳು, ಸುಮಾರು 115 ಚದರ ಮೀಟರು. ತುಂಬಿದ ಸಭೆಯಲ್ಲಿ ಕಾಲ ಒಂದೂವರೆ ಸೆಕೆಂಡಿಗೆ ಬಂತು. ಅದರ ಜೊತೆಗೆ, ಸದ್ದನ್ನು ಚಾವಣಿಗೆ ಎರಚದೆ ಜನರ ಕಡೆಗೇ ಕಳಿಸುವ ಕಂಬದಾಕಾರದ ಸ್ಪೀಕರುಗಳನ್ನು ಹಾಕಿದರು. ಕೇಳುವಂತಾಯಿತು, ಚೆನ್ನಾಗಿ ಕೇಳುವಂತಾಗಲಿಲ್ಲ. ಈಗ ಅಲ್ಲಿ ಉಪನ್ಯಾಸಗಳಿಗಿಂತ ಮದುವೆಗಳೇ ಹೆಚ್ಚು.

ಇಷ್ಟರಲ್ಲಿ ಇನ್ನೊಂದು ಸಂಸ್ಥೆ ಅದೇ ಅಳತೆಯ ಭವನ ಕಟ್ಟಲು ಹೊರಟಿತ್ತು. ಅವರು ಮೊದಲ ಭವನದ ಕಂಬಳಿಗಳನ್ನು ಕಂಡವರು. ಪಾಯ ತೋಡುವ ಮೊದಲೇ ನಕ್ಷೆ ಹಿಡಿದು ಬಂದರು. ಮಾಡಬೇಕಾದದ್ದು ಬಹಳವಿರಲಿಲ್ಲ. ಎತ್ತರವನ್ನು 7 ಮೀಟರಿನಿಂದ 5.5ಕ್ಕೆ ಇಳಿಸಲು ಅವರ ವಾಸ್ತುಶಿಲ್ಪಿ ಒಪ್ಪಿದರು. ಘನಗಾತ್ರ 1,980 ಘನ ಮೀಟರು ಆಯಿತು. ಅಷ್ಟರಿಂದಲೇ ಬೇಕಾದ ಹೀರಿಕೆ 400ರಿಂದ 320ಕ್ಕೆ ಇಳಿಯಿತು. ಮುನ್ನೂರು ಜನ ಮತ್ತು ಉಳಿದ ಸಾಮಗ್ರಿ ಸೇರಿ 200. ಕೊರತೆ 120. ಚಾವಣಿಯ ಅರ್ಧಭಾಗಕ್ಕೆ, ಅಂದರೆ 180 ಚದರ ಮೀಟರಿಗೆ, 0.7 ಹೀರಿಕೆಯ ರಂಧ್ರಹಲಗೆ ಹಾಕಿದರೆ 126 ದೊರೆಯುತ್ತದೆ, ಲೆಕ್ಕ ಮುಗಿಯಿತು. ಹಲಗೆಗಳನ್ನು ಅಂಚುಗಳಲ್ಲೂ ಹಿಂಭಾಗದಲ್ಲೂ ಹಾಕಿ, ವೇದಿಕೆಯ ಮುಂದಿನ ನಡುಭಾಗವನ್ನು ಗಟ್ಟಿಯಾಗಿಯೇ ಬಿಡಬೇಕು, ಏಕೆಂದರೆ ಅಲ್ಲಿಂದ ಪ್ರತಿಫಲಿಸಿದ ದನಿ ಬೇಗನೆ ಹಿಂದಿನ ಸಾಲುಗಳನ್ನು ಮುಟ್ಟಿ ನೇರ ದನಿಗೆ ಬಲ ಕೊಡುತ್ತದೆ. ಎತ್ತರ ಇಳಿಸಿದ್ದರಿಂದ 117 ಚದರ ಮೀಟರು ಗೋಡೆಯೂ ಉಳಿಯಿತು. ಆ ಗೋಡೆಯ ಇಟ್ಟಿಗೆ, ಗಿಲಾವು, ಬಣ್ಣಗಳ ಹಣ ಹಲಗೆಗಳಿಗೆ ನೆರವಾಯಿತು. ಮೊದಲ ಭವನದಲ್ಲಿ ಇದೇ ಸಲಹೆ ಕೊಡಲು ನನಗೆ ಸಾಧ್ಯವಿರಲಿಲ್ಲ, ಸ್ಲ್ಯಾಬನ್ನು ಯಾರೂ ಒಂದೂವರೆ ಮೀಟರು ಕೆಳಗಿಳಿಸಲಾರರು.

ಸಭಾಭವನಕ್ಕೆ ಗುಮ್ಮಟ ಬೇಕೆನ್ನುವವರೂ ಸಿಗುತ್ತಾರೆ. ಅವರು ಒಮ್ಮೆ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಬರಲಿ. ಬಾಗಿದ ಮೈ ದನಿಯನ್ನು ಹೇಗೆ ಒಟ್ಟುಗೂಡಿಸಿ ಬೇಕಾದಲ್ಲಿಗೂ ಬೇಡವಾದಲ್ಲಿಗೂ ಒಯ್ಯುತ್ತದೆಂಬುದು ಅಲ್ಲಿ ತಿಳಿಯುತ್ತದೆ. ಅದು ಸಮಾಧಿ, ಅಲ್ಲಿ ಭಾಷಣ ಮಾಡಬೇಕೆಂದು ಕಟ್ಟಿದವರಿಗೆ ಇರಲಿಲ್ಲ.

ನೆಲದೊಳಗಿನದು, ಗೋಡೆಯೊಳಗಿನದು

ದನಿಯ ವಿಷಯ ಕಿವಿಗೆ ಬೀಳುವುದರಿಂದ ಯಾರಾದರೂ ದೂರುತ್ತಾರೆ. ಭೂಸಂಪರ್ಕದ ವಿಷಯ ಹಾಗಲ್ಲ, ಅವಘಡವಾಗುವ ತನಕ ಅದು ಕಾಣುವುದಿಲ್ಲ. ಗೋಕಾಕ, ಮೂಡಲಗಿ ಸೀಮೆಯಲ್ಲಿ ಎರೆ ಭೂಮಿ ಬಹಳ. ಎರೆಮಣ್ಣು ತೇವವಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಿರುಕು ಬಿಟ್ಟಾಗ ಮಣ್ಣಿಗೂ ಹೂತ ಕೊಳವೆಗೂ ನಡುವೆ ಗಾಳಿ ಸೇರಿ ಸಂಪರ್ಕ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಅಳೆದು ಸರಿ ಎಂದ ಅರ್ಥಿಂಗ್ ಏಪ್ರಿಲಿನಲ್ಲಿ ಸರಿಯಿರಬೇಕೆಂದಿಲ್ಲ. ಕಲ್ಲುನೆಲದಲ್ಲಂತೂ ತೊಂದರೆ ವರ್ಷವಿಡೀ.

ಇದಕ್ಕೊಂದು ಹಳೆಯ ಉಪಾಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರಿಜೋನ ಎಂಬ ಒಣ ಸೀಮೆಯಲ್ಲಿ ಮದ್ದುಗುಂಡಿನ ಉಗ್ರಾಣಗಳಿಗೆ ಸಿಡಿಲಿನಿಂದ ರಕ್ಷಣೆ ಬೇಕಾಗಿತ್ತು. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರು ಪಾಯದ ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳನ್ನೇ ಭೂಸಂಪರ್ಕಕ್ಕೆ ಬಳಸಿದರು. ಮಣ್ಣಿಗೆ ತಾಗಿದ ಕಾಂಕ್ರೀಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ವಿಸ್ತಾರವೂ ಹೆಚ್ಚು. ಒಂದು ಕೊಳವೆಗಿಂತ ಇಡೀ ಪಾಯವೇ ನೆಲವನ್ನು ಮುಟ್ಟಿರುವುದು ಮೇಲು. ಆದರೆ ಸರಳುಗಳನ್ನು ಒಂದಕ್ಕೊಂದು ಬೆಸೆದು, ಒಂದು ತುದಿಯನ್ನು ಹೊರಗೆ ಬಿಡುವ ಕೆಲಸ ಪಾಯಕ್ಕೆ ಕಾಂಕ್ರೀಟು ಸುರಿಯುವ ಮೊದಲೇ ಆಗಬೇಕು. ಅರ್ಧ ದಿನದ ಕೆಲಸ. ಮರುದಿನ ಅದನ್ನು ಯಾವ ಹಣ ಕೊಟ್ಟರೂ ಮಾಡಲಾಗದು. ಆ ದಿನ ನಿವೇಶನದಲ್ಲಿ ಇರುವವರು ಗೌಂಡಿ ಮತ್ತು ಸರಳು ಕಟ್ಟುವವರು. ವಿದ್ಯುತ್ ಕೆಲಸದವರು ಬರುವುದು ಗೋಡೆಗಳೆದ್ದ ಮೇಲೆ.

ತಂತಿಗಳ ಕಥೆಯೂ ಇದೇ. ಮೈಕಿನ ತಂತಿಯಲ್ಲಿ ಹರಿಯುವ ಸಂಕೇತ ಕೆಲವೇ ಮಿಲಿವೋಲ್ಟು. ಅದನ್ನು 230 ವೋಲ್ಟಿನ ತಂತಿಯ ಜೊತೆಗೆ ಒಂದೇ ಪೈಪಿನಲ್ಲಿ ಎಳೆದರೆ, ಫ್ಯಾರಡೆ ಕಂಡುಹಿಡಿದ ನಿಯಮ ಯಾರ ಮುಲಾಜನ್ನೂ ನೋಡದೆ ತನ್ನ ಕೆಲಸ ಮಾಡುತ್ತದೆ. ಸ್ಪೀಕರಿನಲ್ಲಿ ಗುಂಯ್‌ಗುಡುವ 50 ಕಂಪನಗಳ ಸದ್ದು ಅದರದ್ದೇ. ಎರಡಕ್ಕೂ ಬೇರೆ ಪೈಪು, ನಡುವೆ ಒಂದು ಅಡಿ ಅಂತರ, ದಾಟಲೇಬೇಕಾದಲ್ಲಿ ಲಂಬಕೋನ. ಕಾಗದದ ಮೇಲೆ ಇದು ಎರಡು ಗೆರೆಗಳ ಕೆಲಸ. ಗಿಲಾವು ಆದ ಮೇಲೆ ಗೋಡೆ ಕೊರೆಯುವ ಕೆಲಸ. ಗಣಕಯಂತ್ರಗಳ ಜಾಲಕ್ಕೆ ಬಳಸುವ ತಾಮ್ರದ ಕೇಬಲ್ 100 ಮೀಟರಿಗಿಂತ ಉದ್ದವಿರಬಾರದು. ಆದ್ದರಿಂದ ಜಾಲದ ಪೆಟ್ಟಿಗೆಯ ಕೋಣೆ ಕಟ್ಟಡದ ನಡುವಿನಲ್ಲಿ ಎಲ್ಲೋ ಇರಬೇಕು. ನಾನು ಕಂಡ ಕಡೆಗಳಲ್ಲಿ ಅದು ಬಹುತೇಕ ಮೆಟ್ಟಿಲ ಕೆಳಗೆ, ಪೊರಕೆಗಳ ಜೊತೆ ಇದೆ. ವೈಫೈ ಇದೆಯಲ್ಲ ಎನ್ನಬಹುದು. ಅದರ ಅಲೆಗಳಿಗೆ ಒಂದೂವರೆ ಅಡಿಯ ಕಲ್ಲಿನ ಗೋಡೆಯಾಗಲಿ, ಸರಳು ತುಂಬಿದ ಸ್ಲ್ಯಾಬಾಗಲಿ ಸುಲಭದ ದಾರಿಯಲ್ಲ.

ಸ್ಮಾರ್ಟ್ ತರಗತಿಗಳಲ್ಲಿ ಪ್ರೊಜೆಕ್ಟರಿನ ಪಾಡೂ ನೋಡಿ. 3,000 ಲ್ಯೂಮೆನ್ ಬೆಳಕನ್ನು 3 ಚದರ ಮೀಟರಿನ ಪರದೆಗೆ ಹರಡಿದರೆ 1,000 ಲಕ್ಸ್. ಪಕ್ಕದ ಕಿಟಕಿಯಿಂದ ಅದೇ ಪರದೆಗೆ 500 ಲಕ್ಸ್ ಬಿದ್ದರೆ ಚಿತ್ರದ ಕಪ್ಪು ಭಾಗ ಕಪ್ಪಾಗಿ ಉಳಿಯುವುದಿಲ್ಲ. ಮಕ್ಕಳು ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಶಿಕ್ಷಕರು ಕಿಟಕಿ ಮುಚ್ಚುತ್ತಾರೆ, ನಮ್ಮ ಬಿಸಿಲಿಗೆ ಕೋಣೆ ಒಲೆಯಾಗುತ್ತದೆ. ಪರದೆಯ ಗೋಡೆ ಯಾವುದೆಂದು ಮೊದಲೇ ಗೊತ್ತಿದ್ದರೆ ಕಿಟಕಿಯನ್ನು ಎರಡು ಮೀಟರು ಆಚೆ ಇಡಬಹುದಿತ್ತು.

ವಿದ್ಯುತ್ ಫಲಕ, ಬ್ಯಾಟರಿಗಳ ಕೋಣೆ ಎಲ್ಲಿರಬೇಕೆಂಬುದು ನಮ್ಮ ಕಡೆ ಬರೀ ಅನುಕೂಲದ ಪ್ರಶ್ನೆಯಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳ ನೀರು ಗೋಕಾಕ ಪಟ್ಟಣಕ್ಕೆ ನುಗ್ಗಿದ್ದನ್ನು ನಾವು ಮರೆತಿಲ್ಲ. ನದಿಯ ಬದಿಯ ಕಟ್ಟಡಗಳಲ್ಲಿ ಈ ಕೋಣೆ ಆ ನೀರಿನ ಗುರುತಿಗಿಂತ ಮೇಲಿರಬೇಕು. ಅಂದರೆ ಮೊದಲ ಮಹಡಿಯಲ್ಲಿ ಬ್ಯಾಟರಿಗಳ ಭಾರ ಹೊರುವ ಸ್ಲ್ಯಾಬು ಬೇಕು, ಅದನ್ನು ಎಂಜಿನಿಯರಿಗೆ ಲೆಕ್ಕ ಹಾಕುವ ಮೊದಲು ಹೇಳಬೇಕು. ಎಷ್ಟು ಕಿಲೋವಾಟ್ ಬೇಕು, ಟ್ರಾನ್ಸ್‌ಫಾರ್ಮರ್ ಎಲ್ಲಿ ನಿಲ್ಲಬೇಕು ಎಂಬುದನ್ನೂ ಆಗಲೇ ವಿದ್ಯುತ್ ಕೊಡುವವರ ಜೊತೆ ಮಾತನಾಡಬೇಕು. ಗೋಕಾಕ, ಮೂಡಲಗಿಗಳಲ್ಲಿ ಅದು ಹೆಸ್ಕಾಂ. ಹುಕ್ಕೇರಿಯ ಹಳ್ಳಿಗಳಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ.

ಯಂತ್ರವನ್ನು ಮೊದಲು ನೆನೆದು ಗೋಡೆಯನ್ನು ಬಳಿಕ ಎಬ್ಬಿಸುವುದು ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಗೋಕಾಕ ಜಲಪಾತದ ಹತ್ತಿ ಗಿರಣಿಯನ್ನು 1880ರ ದಶಕದಲ್ಲಿ ಕಟ್ಟಿದವರು ಅಲ್ಲಿಗೆ ಬಂದದ್ದೇ ನೀರಿನ ಬಲ ನೋಡಿ. 52 ಮೀಟರು ಎತ್ತರದಿಂದ ಬೀಳುವ ಪ್ರತಿ ಘನ ಮೀಟರು ನೀರಿನಲ್ಲಿ ಸುಮಾರು 5 ಲಕ್ಷ ಜೂಲ್ ಶಕ್ತಿ ಇರುತ್ತದೆ. ಆ ಲೆಕ್ಕ ಮೊದಲು ಬಂತು, ಕಟ್ಟಡ ಅದರ ಹಿಂದೆ ಬಂತು.

ಹಾಗಾದರೆ ಈಗೇಕೆ ಹೀಗಾಗುತ್ತದೆ? ನಾನು ಕಂಡಂತೆ ಕರೆಯುವ ಕ್ರಮವೇ ತಲೆಕೆಳಗಾಗಿದೆ. ಮೊದಲು ದಾನಿಗಳು, ಬಳಿಕ ನಕ್ಷೆಯವರು, ಗುತ್ತಿಗೆದಾರರು, ಕಡೆಗೆ ವಿದ್ಯುತ್ತಿನವರು, ಎಲ್ಲ ಮುಗಿದ ಮೇಲೆ ಮೈಕಿನವರು. ಅಂದಾಜು ಪತ್ರಿಕೆಯಲ್ಲಿ ಗ್ರಾನೈಟಿಗೆ ಒಂದು ಸಾಲಿರುತ್ತದೆ, ಧ್ವನಿಗೆ ಇರುವುದಿಲ್ಲ. ಇದಕ್ಕೆ ನಿಯಮಗಳಿಲ್ಲವೆಂದಲ್ಲ. ಸಭಾಂಗಣಗಳ ಧ್ವನಿ ವಿನ್ಯಾಸಕ್ಕೆ 1963ರಿಂದಲೇ ಐ.ಎಸ್. 2526 ಎಂಬ ಭಾರತೀಯ ಮಾನಕವಿದೆ, ಭೂಸಂಪರ್ಕಕ್ಕೆ ಐ.ಎಸ್. 3043 ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿ ಧ್ವನಿಗೂ ಸಂಪರ್ಕ ಸಾಧನಗಳಿಗೂ ಪ್ರತ್ಯೇಕ ಅಧ್ಯಾಯಗಳಿವೆ.

"ಅಂಥ ತಜ್ಞರು ನಮ್ಮೂರಾಗ ಎಲ್ಲಿ ಸಿಗತಾರ್ರಿ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ದೊಡ್ಡ ನಾಟ್ಯಗೃಹಕ್ಕಾದರೆ ಪರಿಣತರನ್ನು ಬೆಂಗಳೂರಿನಿಂದಲೋ ಪುಣೆಯಿಂದಲೋ ಕರೆಸಲೇಬೇಕು. ಶಾಲೆಯ ಸಭಾಭವನಕ್ಕೆ ಮೇಲೆ ಮಾಡಿದ ಲೆಕ್ಕ ಸಾಕು, ಅದನ್ನು ಯಾವುದೇ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರು ಒಂದು ಸಂಜೆಯಲ್ಲಿ ಮಾಡಿಕೊಡಬಲ್ಲರು. ಒಂದು ಎಚ್ಚರಿಕೆ ಮಾತ್ರ ಬೇಕು. ಸಾಮಾನು ಮಾರುವವರು ಪುಕ್ಕಟೆ ಕೊಡುವ ಸಲಹೆ ಸಾಮಾನ್ಯವಾಗಿ ಸಾಮಾನಿನ ಕಡೆಗೇ ಹೋಗುತ್ತದೆ. ಸ್ಪೀಕರು ಮಾರುವವರು ಚಾವಣಿ ಇಳಿಸಿರಿ ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಎರಡನೆಯ ಭವನಕ್ಕೆ ಕಾಂಕ್ರೀಟು ಹಾಕುವ ಹಿಂದಿನ ಸಂಜೆ ವಿದ್ಯುತ್ ಕೆಲಸದವರು, ಮೈಕಿನವರು, ಗೌಂಡಿ ಮೂವರೂ ಸೆಂಟ್ರಿಂಗಿನ ಮೇಲೆ ಹತ್ತಿದ್ದರು. ಒಳಚಾವಣಿಯ ಕೊಕ್ಕೆಗಳನ್ನು ಎಣಿಸಿದರು. ಮೈಕಿನ ಪೈಪು ಒಂದು ಕಡೆ ವಿದ್ಯುತ್ತಿನ ಪೈಪಿಗೆ ತಾಗಿಕೊಂಡಿತ್ತು. ಗೌಂಡಿ ಅದನ್ನು ಬಿಚ್ಚಿ ಒಂದು ಅಡಿ ಸರಿಸಿ ಕಟ್ಟಿದರು. ಹತ್ತು ನಿಮಿಷ ಹಿಡಿಯಿತು. ಆಮೇಲೆ ಅಳತೆಯ ಟೇಪು ಹಾಸಿ ಪ್ರತಿಯೊಂದು ಪೈಪಿನ ಫೋಟೊ ತೆಗೆದುಕೊಂಡರು. ಮುಂದೆ ಯಾರಾದರೂ ಮೊಳೆ ಹೊಡೆಯುವಾಗ ಎಲ್ಲಿ ಹೊಡೆಯಬಾರದೆಂದು ತಿಳಿಯಲೆಂದು ಆ ಫೋಟೊಗಳನ್ನು ನಕ್ಷೆಯ ಜೊತೆಗೇ ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದಾರೆ.